ಕಟೌಟ್ ಇಲ್ಲದ ಹೀರೋಗಳು!
ಮಂಡ್ಯ – ಮದ್ದೂರು – ಮಳವಳ್ಳಿ ರೂಟಿನಲ್ಲಿ ಒಂದು ಹಸಿರು ಪಿಕ್ಚರ್

ಮಂಡ್ಯ ಅಂದಕೂಡಲೇ ನಿಮ್ಮ ಕಣ್ಣ ಮುಂದೆ ಯಾರು ಬಂದು ನಿಲ್ಲುತ್ತಾರೆ? ಕೇಳುವುದೇ ದಂಡ ಬಿಡಿ! ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯಲ್ಲಿ 1952ರಲ್ಲಿ ಹುಟ್ಟಿ, 1972ರಲ್ಲಿ ಪುಟ್ಟಣ್ಣ ಕಣಗಾಲರ 'ನಾಗರಹಾವು' ಚಿತ್ರದ ಜಲೀಲನಾಗಿ ತೆರೆಗೆ ಬಂದು, ಕೊನೆತನಕ ಮಂಡ್ಯದ ಮನೆಮಗನಾಗೇ ಉಳಿದ ಅಂಬರೀಷ್! 2018ರ ನವೆಂಬರ್ 24ರಂದು ಅವರು ಕಣ್ಣು ಮುಚ್ಚಿದಾಗ ಅಭಿಮಾನಿಗಳ ದರ್ಶನಕ್ಕೆ ದೇಹವನ್ನು ಮಂಡ್ಯಕ್ಕೆ ತಂದರು. ಅಲ್ಲಿಂದ ಹೊರಡಿಸುವ ಮುನ್ನ ಸುಮಲತಾ ಅವರು ಮಂಡ್ಯದ ಮಣ್ಣು ತೆಗೆದು ಗಂಡನ ಹಣೆಗೆ ಹಚ್ಚಿದರು. ಟಿ.ವಿ. ಮುಂದೆ ಕೂತಿದ್ದ ಎಂಥೆಂಥ ಗಟ್ಟಿಗರೂ ಆ ಹೊತ್ತು ಕಣ್ಣೊರೆಸಿಕೊಂಡರು.

ಮಿತ್ರರೇ, ಈ ವಾರ ನಾನು ಬರೆಯಲು ಹೊರಟಿರುವುದು ಆ ಮಣ್ಣಿನ ವಿಷಯ. ಆ ಮಣ್ಣನ್ನು ಉಳಿಸಿಕೊಳ್ಳಲು ನಮ್ಮ ಜಿಲ್ಲೆಯಲ್ಲಿ ಕೆಲವರು ಎಂಥೆಂಥ ವಿಚಿತ್ರ ಕೆಲಸಕ್ಕೆ ಕೈ ಹಾಕಿದ್ದಾರೆ ಅನ್ನುವ ವಿಷಯ.

ತಾಳಿ ತಾಳಿ, ಪುಟ ತಿರುಗಿಸಬೇಡಿ! 'ಪರಿಸರ' ಅಂದಕೂಡಲೇ ನಮಗೆ ಹಳೇ ಕಾಲದ ನ್ಯೂಸ್ ರೀಲ್ ನೆನಪಾಗುತ್ತದೆ. ಅದು ಶುರುವಾದರೆ ಸಾಕು, ಅರ್ಧ ಟಾಕೀಸು ಎದ್ದು ಬೀಡಿ ಸೇದಲು ಹೊರಗೆ! ನಾನು ಹೇಳುವುದು ಅಂಥ ಬೋಧನೆಯಲ್ಲ. ಇದರಲ್ಲಿ ಹೀರೋ ಇದ್ದಾನೆ, ಅತಿಥಿ ನಟರಿದ್ದಾರೆ, ಸೆಂಟಿಮೆಂಟ್ ಇದೆ. ಫೈಟ್ ಕೂಡ ಇದೆ, ಬಂಡೆಯ ಜೊತೆ!

ಇನ್ನೊಂದು ಮಾತು. ನಮ್ಮನ್ನೆಲ್ಲ ಮನೆಯಲ್ಲಿ ಏನಂತಾರೆ? "ಪಿಕ್ಚರ್ ಹುಚ್ಚ" ಅಂತಾರೆ. ಮೊದಲ ದಿನದ ಮೊದಲ ಆಟಕ್ಕೆ ಕೋಳಿ ಕೂಗೋ ಮೊದಲೇ ಎದ್ದು ಬಸ್ ಹತ್ತುವವನನ್ನು ಮತ್ತೇನಂದಾರು? ನಾನು ಹೇಳಹೊರಟಿರುವವರನ್ನೂ ಜನ ಹಾಗೆಯೇ ಕರೆದರು. ಅಂದಮೇಲೆ ಅವರ ಕಥೆ ನಮಗಲ್ಲದೆ ಇನ್ಯಾರಿಗೆ ಅರ್ಥವಾದೀತು? ಬನ್ನಿ, ಮಂಡ್ಯ ಬಸ್ ಸ್ಟ್ಯಾಂಡಿನಿಂದಲೇ ಹೊರಡೋಣ.

ಮೇಕಪ್ ಇಲ್ಲದ ಬೆಲ್ಲ

ಮಂಡ್ಯ ಬಿಟ್ಟು ಯಾವ ದಿಕ್ಕಿಗೆ ಹೋದರೂ ಕಬ್ಬಿನ ಗದ್ದೆ. ಕೃಷ್ಣರಾಜಸಾಗರ ಕಟ್ಟಿ, ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಮೇಲೆ ಬಂದ ಭಾಗ್ಯ ಅದು. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಶುರುವಾಯಿತು. ಆದರೆ ಕಾರ್ಖಾನೆಯ ಚಿಮಣಿಗಿಂತ ನನಗೆ ಇಷ್ಟ ದಾರಿ ಪಕ್ಕದ ಆಲೆಮನೆ. ಬಸ್ಸಿನ ಕಿಟಕಿಯಿಂದಲೇ ಬೆಲ್ಲದ ಘಮ ಮೂಗಿಗೆ ಬಡಿದರೆ ಬಾಯಲ್ಲಿ ನೀರೂರದವರು ಯಾರು?

ಒಮ್ಮೆ ಇಳಿದು ಒಳಗೆ ಹೋಗಿ ನೋಡಿ. ಗಾಣದಲ್ಲಿ ಕಬ್ಬು ಅರೆದು ಹಾಲು ತೆಗೆಯುತ್ತಾರೆ. ಉಳಿದ ಸಿಪ್ಪೆಯನ್ನು ಅಂಗಳದಲ್ಲಿ ಹರಡಿ ಬಿಸಿಲಿಗೆ ಒಣಗಿಸುತ್ತಾರೆ. ಅದೇ ಸಿಪ್ಪೆ ಮತ್ತೆ ಒಲೆಗೆ! ಕಬ್ಬಿನ ಹಾಲು ಕುದಿಯುವುದು ಕಬ್ಬಿನದೇ ಬೆಂಕಿಯಲ್ಲಿ. ಅದಕ್ಕೆಂದು ಮರ ಕಡಿಯಬೇಕಾಗಿಲ್ಲ. ಒಲೆಯ ಬೂದಿ ಮತ್ತೆ ಹೊಲಕ್ಕೆ. ಯಾವ ದೇಶದ ಇಂಜಿನಿಯರೂ ಬಂದು ಕಲಿಸಿದ ವಿದ್ಯೆಯಲ್ಲ ಇದು. ನಮ್ಮ ತಾತಂದಿರು ಮಾಡಿಕೊಂಡೇ ಬಂದದ್ದು.

ಇನ್ನು ಮೇಕಪ್ಪಿನ ಕಥೆ ಕೇಳಿ. ಕೊಪ್ಪರಿಗೆಯಲ್ಲಿ ಹಾಲು ಕುದಿಯುವಾಗ ಕೊಳೆ ಮೇಲೇಳಬೇಕು. ಅದಕ್ಕೆ ಹಳಬರು ಹಾಕುತ್ತಿದ್ದದ್ದು ಬೆಂಡೆ ಗಿಡದ ಲೋಳೆ. ಗಿಡದ ಕಾಂಡವನ್ನು ಜಜ್ಜಿ ನೀರಿನಲ್ಲಿ ಕಿವುಚಿದರೆ ಲೋಳೆ ಬಿಡುತ್ತದೆ. ಅದನ್ನು ಕುದಿಯುವ ಹಾಲಿಗೆ ಬಿಟ್ಟರೆ ಕೊಳೆಯೆಲ್ಲ ಒಟ್ಟುಗೂಡಿ ನೊರೆಯಾಗಿ ಮೇಲೆ ಬರುತ್ತದೆ, ತೆಗೆದು ಚೆಲ್ಲುತ್ತಾರೆ. ಬೆಂಡೆಕಾಯಿ ಪಲ್ಯ ತಿಂದ ನಮಗೆ ಅದರ ಗಿಡ ಬೆಲ್ಲಕ್ಕೆ ಸಾಬೂನಾಗುತ್ತದೆ ಅಂತ ಗೊತ್ತಿತ್ತೇ?

ಆದರೆ ಪೇಟೆಯ ಗಿರಾಕಿಗೆ ಬೆಲ್ಲ ಚಿನ್ನದ ಹಾಗೆ ಹೊಳೆಯಬೇಕು! ಅದಕ್ಕೇ ಬಂತು 'ಹೈಡ್ರೋಸ್' ಎಂಬ ರಾಸಾಯನಿಕ ಪುಡಿ. ಒಂದು ಹಿಡಿ ಬಿದ್ದರೆ ಕಪ್ಪು ಬೆಲ್ಲ ಹಳದಿಯಾಗಿ ಹೊಳೆಯುತ್ತದೆ. ಹೀರೋಯಿನ್ನಿಗೆ ಪೌಡರ್ ಬಳಿದ ಹಾಗೆ! ತೆರೆಯ ಮೇಲಿನ ಮೇಕಪ್ ಕಣ್ಣಿಗೆ ಚೆಂದ, ಸರಿ. ಹೊಟ್ಟೆಗೆ ಹೋಗುವ ಬೆಲ್ಲಕ್ಕೇಕೆ ಮೇಕಪ್ಪು? ಮುಂದಿನ ಸಲ ಅಂಗಡಿಯಲ್ಲಿ "ಬಣ್ಣ ಮಂಕಾಗಿರೋ ಬೆಲ್ಲ ಕೊಡಣ್ಣ" ಅಂತ ಕೇಳಿ ನೋಡಿ. ಅಂಗಡಿಯವನು ನಿಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾನೆ. ನೋಡಲಿ. ನನ್ನನ್ನೂ ಹಾಗೇ ನೋಡಿದ. ಹತ್ತು ಜನ ಕೇಳಿದರೆ ಹನ್ನೊಂದನೆಯವನಿಗೆ ತಾನಾಗೇ ತೆಗೆದುಕೊಡುತ್ತಾನೆ.

ಮದ್ದೂರಿನ ಅತಿಥಿ ನಟರು

ಮದ್ದೂರು ಬಂತು. ವಡೆ ತಿನ್ನಿ, ಬೇಡ ಅನ್ನುವುದಿಲ್ಲ. ಆಮೇಲೆ ಬಾಟಲಿಯ ಬಣ್ಣದ ನೀರಿಗೆ ಕೈಚಾಚಬೇಡಿ. ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಊರೂರಿಗೆ ಲಾರಿಗಟ್ಟಲೆ ಎಳನೀರು ಹೋಗುವಾಗ ನಾವು ಇಲ್ಲೇ ನಿಂತು ಬಾಟಲಿ ಕುಡಿದರೆ ಮಾನ ಉಳಿದೀತೇ? ಪ್ಲಾಸ್ಟಿಕ್ ಕೊಳವೆಯೂ ಬೇಡ, ಎತ್ತಿ ಗಟಗಟ ಕುಡಿಯಿರಿ. ಕುಡಿದಾದ ಮೇಲೆ ಮಚ್ಚಿನಿಂದ ಎರಡು ಹೋಳು ಮಾಡಿ, ಅದರದೇ ಸಿಪ್ಪೆಯ ಒಂದು ಚೂರು ಕೆತ್ತಿ ಕೊಡುತ್ತಾನೆ. ಅದೇ ಚಮಚ! ಒಳಗಿನ ಗಂಜಿ ಕೆರೆದು ತಿಂದು ಲೋಟ, ಚಮಚ ಎರಡನ್ನೂ ಎಸೆದು ಹೋಗಬಹುದು. ಎರಡೂ ಮಣ್ಣಿಗೇ ಸೇರುತ್ತವೆ.

ಇದೇ ಮದ್ದೂರು ತಾಲ್ಲೂಕಿನಲ್ಲಿ ಒಂದು ಊರಿದೆ, ಕೊಕ್ಕರೆ ಬೆಳ್ಳೂರು. ಬೆಂಗಳೂರು–ಮೈಸೂರು ಹೆದ್ದಾರಿಯ ರುದ್ರಾಕ್ಷಿಪುರದಲ್ಲಿ ತಿರುಗಿ ಸುಮಾರು ಹನ್ನೆರಡು ಕಿಲೋಮೀಟರ್ ಒಳಗೆ ಹೋಗಬೇಕು. ಅಲ್ಲಿನ ಅತಿಥಿ ನಟರು ವರ್ಷಕ್ಕೊಮ್ಮೆ ತಪ್ಪದೆ ಕಾಲ್‌ಷೀಟ್ ಕೊಡುತ್ತಾರೆ. ಚಳಿಗಾಲದಲ್ಲಿ ಬಂದಿಳಿದು, ಊರ ನಡುವಿನ ಹುಣಸೆ ಮರ, ಅತ್ತಿ ಮರಗಳ ಮೇಲೆ ಗೂಡು ಕಟ್ಟಿ, ಮರಿ ಮಾಡಿ, ಬೇಸಿಗೆ ಮುಗಿಯುವ ಹೊತ್ತಿಗೆ ಹಾರಿಹೋಗುತ್ತಾರೆ. ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆ!

ಇದರಲ್ಲೇನು ವಿಶೇಷ ಅಂತೀರಾ? ಹಕ್ಕಿಗಳು ಗೂಡು ಕಟ್ಟುವುದು ಕಾಡಿನಲ್ಲಲ್ಲ, ಜನರ ಮನೆ ಹಿತ್ತಿಲಿನಲ್ಲಿ, ಹಟ್ಟಿಯ ಪಕ್ಕದಲ್ಲಿ. ತಲೆಯ ಮೇಲೆ ಹಿಕ್ಕೆ ಬೀಳುತ್ತದೆ. ಗೂಡಿನಿಂದ ಜಾರಿದ ಮೀನು ಅಂಗಳದಲ್ಲಿ ಕೊಳೆಯುತ್ತದೆ. ವಾಸನೆ ಅಂದರೆ ವಾಸನೆ! ನಾನು ಮೂಗು ಮುಚ್ಚಿಕೊಂಡೇ ಓಡಾಡಿದೆ. ಊರಿನ ಹೆಂಗಸರು ನನ್ನನ್ನು ನೋಡಿ ನಕ್ಕರು. ಅವರಿಗೆ ಈ ಹಕ್ಕಿಗಳು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು. ಬಾಣಂತಿಯನ್ನು ಯಾರಾದರೂ ವಾಸನೆ ಅಂತ ಮನೆಯಿಂದ ಅಟ್ಟುತ್ತಾರೆಯೇ? ಹಿಂದೆ ಪ್ಲೇಗು ಬಂದು ಊರು ಜಾಗ ಬದಲಿಸಿದಾಗ ಹಕ್ಕಿಗಳೂ ಹಿಂದೆಯೇ ಬಂದವು ಅನ್ನುವ ಮಾತು ಊರಿನಲ್ಲಿ ಇವತ್ತಿಗೂ ಇದೆ.

ಪ್ರೀತಿಯ ಜೊತೆ ಲೆಕ್ಕಾಚಾರವೂ ಇದೆ ಅನ್ನಿ. ಮರದ ಬುಡದಲ್ಲಿ ಗುಂಡಿ ತೋಡಿ, ಕೆರೆಯ ಗೋಡು ಹಾಕಿ ಬಿಡುತ್ತಿದ್ದರು. ಮೇಲಿಂದ ಬಿದ್ದ ಹಿಕ್ಕೆ ಅದರೊಂದಿಗೆ ಬೆರೆತು ಒಳ್ಳೇ ಗೊಬ್ಬರ. ಹಕ್ಕಿ ಶಿಂಷಾ ನದಿಯಲ್ಲಿ, ಸುತ್ತಲಿನ ಕೆರೆಗಳಲ್ಲಿ ಮೀನು ಹಿಡಿದು ತಿನ್ನುತ್ತದೆ. ಆ ಸತ್ವವೆಲ್ಲ ರೈತನ ಗದ್ದೆಗೆ ಬಂದು ಬೀಳುತ್ತದೆ. ಚೀಲ ಹೊರಬೇಕಿಲ್ಲ, ಲಾರಿ ಬಾಡಿಗೆ ಇಲ್ಲ. ರೆಕ್ಕೆಯ ಮೇಲೆ ಬರುವ ಗೊಬ್ಬರ!

1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಈ ಊರನ್ನು ಹೊರಜಗತ್ತಿಗೆ ಪರಿಚಯಿಸಿದರು. ಗೂಡು ಇದ್ದರೆ ಹುಣಸೆಹಣ್ಣು ಬಡಿಯುವಂತಿಲ್ಲ. ಅಂದರೆ ಮರದ ಯಜಮಾನನಿಗೆ ಲುಕ್ಸಾನು. ಅದಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಬಂತು. ತೊಂಬತ್ತರ ದಶಕದಲ್ಲಿ ಊರ ಹುಡುಗರೇ 'ಹೆಜ್ಜಾರ್ಲೆ ಬಳಗ' ಕಟ್ಟಿದರು. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ತಂದು, ಮೀನು ತಿನ್ನಿಸಿ, ರೆಕ್ಕೆ ಬಲಿಯುವ ತನಕ ಸಾಕಿ ಹಾರಿಬಿಡುವುದು ಅವರ ಕೆಲಸ. ನಿಮ್ಮ ವಯಸ್ಸಿನ ಹುಡುಗರೇ ಸ್ವಾಮಿ!

ಆದರೆ ಕಥೆ ಸುಖಾಂತ್ಯ ಅಂತ ಈಗಲೇ ಎದ್ದು ಹೋಗಬೇಡಿ. ಹುಣಸೆ ಮರಕ್ಕೆ ಬೆಲೆ ಬಂದಾಗ ಕೊಡಲಿಯೂ ಬರುತ್ತದೆ. ಹಳೇ ಮರ ಒಂದು ಬಿದ್ದರೆ ಅಷ್ಟು ಗೂಡಿಗೆ ಜಾಗವಿಲ್ಲ. ಕೆರೆ, ಹೊಳೆ ಕೆಟ್ಟರೆ ಹಕ್ಕಿಯ ಬಟ್ಟಲಿಗೇ ವಿಷ ಬಿದ್ದ ಹಾಗೆ. 2017ರ ಕೊನೆಯಿಂದ 2018ರವರೆಗೆ ಈ ಊರಿನಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸತ್ತು ಬಿದ್ದವು. ಕೊಯ್ದು ನೋಡಿದರೆ ಹೊಟ್ಟೆಯಲ್ಲಿ ಹುಳು. ತವರುಮನೆಯವರಿಗೆ ಅದು ಸೂತಕದ ವರ್ಷ.

ಏಳುನೂರು ಪಾತ್ರಗಳ ಕಂಪನಿ

ಮದ್ದೂರಿನಿಂದ ಮಳವಳ್ಳಿಗೆ, ಅಲ್ಲಿಂದ ಮೈಸೂರು ದಾರಿ ಹಿಡಿದರೆ ಕಿರುಗಾವಲು. ಇಲ್ಲಿದ್ದಾರೆ ಸೈಯದ್ ಘನಿ ಖಾನ್. ಮ್ಯೂಸಿಯಂ ನೋಡಿಕೊಳ್ಳುವ ವಿದ್ಯೆ ಓದಿದವರು. ಯಾವುದೋ ಅರಮನೆಯ ಗಾಜಿನ ಪೆಟ್ಟಿಗೆಗಳ ನಡುವೆ ಇರಬೇಕಾಗಿದ್ದವರು ಗದ್ದೆಗಿಳಿದರು, ಗದ್ದೆಯನ್ನೇ ಮ್ಯೂಸಿಯಂ ಮಾಡಿದರು! ಅವರ ಹತ್ತಿರ ಏಳುನೂರಕ್ಕೂ ಹೆಚ್ಚು ಬಗೆಯ ನಾಟಿ ಭತ್ತ ಇದೆ. ರಾಜಮುಡಿ, ರತ್ನಚೂಡಿ, ಗಂಧಸಾಲೆ... ಒಂದು ಕೆಂಪು, ಒಂದು ಕಪ್ಪು, ಒಂದಕ್ಕೆ ಸುವಾಸನೆ, ಒಂದಕ್ಕೆ ಉದ್ದ ಮೀಸೆ. ಗುಬ್ಬಿ ಕಂಪನಿಯಲ್ಲೂ ಇಷ್ಟು ವೇಷ ಇದ್ದಿರಲಾರವು! ಜೊತೆಗೆ ಹಿರಿಯರ ಕಾಲದ ಮಾವಿನ ತೋಪು, 'ಬಡಾ ಬಾಗ್'. ಅಲ್ಲಿ ನೂರಕ್ಕೂ ಹೆಚ್ಚು ಬಗೆಯ ಮಾವು. ಒಂದು ಮಾವು ಮೋಸಂಬಿಯ ರುಚಿ ಕೊಡುತ್ತದೆ ಅಂದರೆ ನಂಬುತ್ತೀರಾ?

"ಇಷ್ಟೊಂದು ಭತ್ತ ಯಾಕ್ ಬೇಕ್ಲಾ? ಒಂದು ಒಳ್ಳೇ ತಳಿ ಸಾಲ್ದಾ?" ಅಂತ ನೀವು ಕೇಳಬಹುದು. ಒಂದು ಉದಾಹರಣೆ ಕೊಡುತ್ತೇನೆ. ಕನ್ನಡದ ಮೊದಲ ವಾಕ್‌ಚಿತ್ರ ಯಾವುದು? 1934ರ 'ಸತಿ ಸುಲೋಚನ'. ಸರಿ, ಅದನ್ನು ನೋಡಬೇಕು ಅಂದರೆ ಎಲ್ಲಿ ನೋಡುತ್ತೀರಿ? ಎಲ್ಲೂ ಇಲ್ಲ! ಪ್ರಿಂಟು ಉಳಿದಿಲ್ಲ. ಎಷ್ಟು ಕೋಟಿ ಸುರಿದರೂ ಆ ಚಿತ್ರ, ಆ ನಟರು, ಆ ದನಿ ವಾಪಸು ಬರುವುದಿಲ್ಲ. ಭತ್ತದ ತಳಿಯೂ ಹಾಗೆಯೇ. ಮಳೆ ಕಡಿಮೆಯಾದರೂ ತಾಳುವ ತಳಿ ಒಂದು, ನೀರು ನಿಂತರೂ ಕೊಳೆಯದ ತಳಿ ಇನ್ನೊಂದು. ಒಂದು ತಳಿ ಕೈಬಿಟ್ಟಿತು ಅಂದರೆ ಮತ್ತೆ ಶೂಟಿಂಗ್ ಇಲ್ಲ.

ಭತ್ತದ ಪ್ರಿಂಟು ಕಾಯುವುದು ಫಿಲ್ಮ್ ಡಬ್ಬ ಕಾಯುವುದಕ್ಕಿಂತ ಕಷ್ಟ. ಡಬ್ಬಕ್ಕೆ ಬೀಗ ಹಾಕಿ ಇಟ್ಟರೆ ಬೀಜ ಕೆಲವೇ ವರ್ಷದಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಉಳಿಸಬೇಕಾದರೆ ಮತ್ತೆ ಮತ್ತೆ ಬಿತ್ತಬೇಕು. ಒಂದೊಂದನ್ನೂ ಬೇರೆ ಬೇರೆ ಮಡಿಯಲ್ಲಿ ನೆಟ್ಟು, ಒಂದರ ಕಾಳು ಇನ್ನೊಂದಕ್ಕೆ ಬೆರೆಯದಂತೆ ಕೊಯ್ದು, ಹೆಸರು ಬರೆದು ಇಡಬೇಕು. ಏಳುನೂರು ಪಾತ್ರದ ನಾಟಕವನ್ನು ಮೊದಲಿನಿಂದ ಆಡಿಸಿದ ಹಾಗೆ! ಇಷ್ಟೆಲ್ಲ ಮಾಡಿದವರಿಗೆ ನಾವು ಮಾಡಬಹುದಾದ ಉಪಕಾರ ಒಂದೇ. ತಿಂಗಳಿಗೊಂದು ಸಲವಾದರೂ ರಾಜಮುಡಿ ಅಕ್ಕಿ ಕೊಂಡು ಉಣ್ಣುವುದು. ಉಣ್ಣುವವರಿದ್ದರೆ ಬೆಳೆಯುವವರು ಇರುತ್ತಾರೆ. ಟಿಕೆಟ್ ಕೊಂಡು ನೋಡುವವರಿಲ್ಲದೆ ಯಾವ ಚಿತ್ರ ಓಡಿದೆ ಹೇಳಿ?

ಬೆಟ್ಟದ ಮೇಲಿನ ಒಂಟಿ ಹೀರೋ

ಈಗ ಕ್ಲೈಮ್ಯಾಕ್ಸ್. 1972ರ 'ಬಂಗಾರದ ಮನುಷ್ಯ' ನೋಡದವರು ನಮ್ಮಲ್ಲಿ ಯಾರಿದ್ದಾರೆ? ಸಿದ್ದಲಿಂಗಯ್ಯನವರ ನಿರ್ದೇಶನ, ಟಿ.ಕೆ. ರಾಮರಾಯರ ಕಾದಂಬರಿ, ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷದ ಓಟ! ಬಂಡೆ ಒಡೆದು ಬರಡು ನೆಲವನ್ನು ಹಸಿರು ಮಾಡುವ ರಾಜೀವನ ಪಾತ್ರದಲ್ಲಿ ಅಣ್ಣಾವ್ರನ್ನು ನೋಡಿ, ಪಟ್ಟಣದ ಕೆಲಸ ಬಿಟ್ಟು ಹಳ್ಳಿಗೆ ಹೋದ ಹುಡುಗರ ಕಥೆಗಳನ್ನು ನಾವೆಲ್ಲ ಕೇಳಿದ್ದೇವೆ.

ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರದು ಅದೇ ಪಾತ್ರ. ಆದರೆ ಅಲ್ಲಿ ಕ್ಯಾಮೆರಾ ಇರಲಿಲ್ಲ, ಹಿನ್ನೆಲೆ ಸಂಗೀತ ಇರಲಿಲ್ಲ.

ಕುರಿ ಕಾಯುವ ಮನುಷ್ಯ. ಓದು ಬರಹ ಇಲ್ಲ. ಕುಂದೂರು ಬೆಟ್ಟದ ಮೇಲೆ ಕುರಿ ಮೇಯಿಸುವಾಗ ಒಂದು ಸಂಗತಿ ಅವರ ಮನಸ್ಸಿಗೆ ನಾಟಿತು. ಬೇಸಿಗೆಯಲ್ಲಿ ಬೆಟ್ಟದ ಮೇಲೆ ಕುರಿಗೂ ನೀರಿಲ್ಲ, ಹಕ್ಕಿಗೂ ನೀರಿಲ್ಲ. ನೋಡಿ ಎಂಥ ವಿಚಿತ್ರ! ಇದೇ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿ ಧುಮುಕುತ್ತಾಳೆ. 1902ರಲ್ಲೇ ಆ ನೀರಿನಿಂದ ಕರೆಂಟು ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಅದೇ ತಾಲ್ಲೂಕಿನ ಬೆಟ್ಟದ ಮೇಲೆ ಒಂದು ಕುರಿಮರಿಯ ಬಾಯಿ ಒದ್ದೆಯಾಗುವಷ್ಟು ನೀರಿಲ್ಲ!

ಗೌಡರು ಯಾರಿಗೂ ಅರ್ಜಿ ಬರೆಯಲಿಲ್ಲ. ಕೋಲಿನಿಂದಲೇ ಅಗೆಯಲು ಶುರು ಮಾಡಿದರು. ಕೋಲಿನಿಂದ ಆಗಲಿಲ್ಲ ಅಂತ ಕುರಿ ಮಾರಿ ಗುದ್ದಲಿ, ಹಾರೆ ಕೊಂಡರು. ಕುರಿ ಕಾಯುವವನು ಕುರಿಯನ್ನೇ ಮಾರಿ ಗುಂಡಿ ತೋಡಿದರೆ ಊರು ಸುಮ್ಮನಿರುತ್ತದೆಯೇ? ಹುಚ್ಚು ಹಿಡಿದಿದೆ ಅಂದಿತು. ಆ ಹುಚ್ಚು ಸುಮಾರು ನಲವತ್ತು ವರ್ಷ ಇಳಿಯಲಿಲ್ಲ! ಬೆಟ್ಟದ ಇಳಿಜಾರಿನಲ್ಲಿ ಒಂದಾದ ಮೇಲೊಂದು ಕಟ್ಟೆ. ಮೇಲಿನ ಕಟ್ಟೆ ತುಂಬಿದರೆ ಹೆಚ್ಚಾದ ನೀರು ಕೆಳಗಿನದಕ್ಕೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಬಿದ್ದ ಮಳೆ ಓಡಿಹೋಗುವಂತಿಲ್ಲ, ನಿಲ್ಲಬೇಕು, ಇಂಗಬೇಕು. ಬೆಟ್ಟದ ಮೇಲೆ ಆಲದ ಸಸಿಗಳನ್ನೂ ನೆಟ್ಟರು. ಪ್ರಶಸ್ತಿ ಬಂದರೆ ಆ ಹಣವೂ ಕಟ್ಟೆಗೇ.

2020ರ ಜೂನ್ 28ರಂದು ಪ್ರಧಾನಿ ನರೇಂದ್ರ ಮೋದಿ ತಮ್ಮ 'ಮನ್ ಕೀ ಬಾತ್' ರೇಡಿಯೋ ಕಾರ್ಯಕ್ರಮದಲ್ಲಿ ಕಾಮೇಗೌಡರ ಹದಿನಾರು ಕಟ್ಟೆಗಳ ಮಾತು ಎತ್ತಿದರು. ಮಾರನೆಯ ದಿನದಿಂದ ದಾಸನದೊಡ್ಡಿಗೆ ಕ್ಯಾಮೆರಾಗಳೇ ಕ್ಯಾಮೆರಾ! ಬಸ್ ಸ್ಟ್ಯಾಂಡಿನಲ್ಲಿ ಪತ್ರಿಕೆ ಕೊಳ್ಳುವ ನಿಮಗೆ ಇದು ರುಚಿಸುತ್ತದೆ: ಮುಂದಿನ ತಿಂಗಳೇ ನಮ್ಮ ಕೆ.ಎಸ್.ಆರ್.ಟಿ.ಸಿ. ಅವರಿಗೆ ಜೀವಮಾನದ ಉಚಿತ ಬಸ್ ಪಾಸು ಕೊಟ್ಟಿತು. ಎಷ್ಟು ಜನ ಹೀರೋಗಳ ಜೇಬಿನಲ್ಲಿದೆ ಅಂಥ ಪಾಸು?

2022ರ ಅಕ್ಟೋಬರ್ 17ರಂದು ಕಾಮೇಗೌಡರು ತೀರಿಕೊಂಡರು. ಎಂಬತ್ತು ದಾಟಿದ ಜೀವ. ಅದಾಗಿ ಹನ್ನೊಂದು ದಿನಕ್ಕೆ ಅಪ್ಪು ಅವರ 'ಗಂಧದ ಗುಡಿ' ತೆರೆಗೆ ಬಂತು. ಕರ್ನಾಟಕದ ಕಾಡು, ನೀರು, ಪ್ರಾಣಿಗಳನ್ನು ತೋರಿಸಿದ ಆ ಚಿತ್ರ ನೋಡಿ ನಾವೆಲ್ಲ ಅತ್ತೆವು. ಅಳಬೇಕಾದ್ದೇ. ಆದರೆ ನನಗೆ ಒಂದು ಚಿಂತೆ. ಪಿಕ್ಚರಿಗೆ 'ಶುಭಂ' ಬೀಳುತ್ತದೆ, ಕಟ್ಟೆಗೆ ಬೀಳುವುದಿಲ್ಲ. ಪ್ರತಿ ಮಳೆಗೂ ಮಣ್ಣು ಕೊಚ್ಚಿ ಬಂದು ಹೂಳು ತುಂಬುತ್ತದೆ. ತೆಗೆಯದಿದ್ದರೆ ಕಟ್ಟೆ ವರ್ಷ ವರ್ಷಕ್ಕೂ ತಗ್ಗುತ್ತದೆ, ಕೊನೆಗೆ ಹುಲ್ಲು ಬೆಳೆದು ಬಯಲಾಗುತ್ತದೆ. ಗುದ್ದಲಿ ಹಿಡಿದ ಕೈ ಹೋಯಿತು. ಇನ್ನೊಂದು ಕೈ ಬೇಡವೇ?

ಈಗ ನಮ್ಮ ಸರದಿ

ಅಭಿಮಾನಿಗಳ ಕೈಯಲ್ಲಿ ಏನಾಗುತ್ತದೆ ಅಂತ ಯಾರಾದರೂ ಹಗುರವಾಗಿ ಮಾತನಾಡಿದರೆ ಒಂದೇ ಮಾತು ಹೇಳಿ. 2021ರ ಅಕ್ಟೋಬರ್ 29ರಂದು ಅಪ್ಪು ಹೋದರು. ತಂದೆ ಡಾ. ರಾಜ್ ಅವರಂತೆಯೇ ಅವರ ಕಣ್ಣುಗಳೂ ದಾನವಾದವು. ನಾಲ್ಕು ಜನಕ್ಕೆ ದೃಷ್ಟಿ ಬಂತು. ಆಮೇಲೆ ನೇತ್ರದಾನಕ್ಕೆ ಹೆಸರು ಬರೆಸಲು ಸಾಲು ನಿಂತವರು ಯಾರು? ಟಿಕೆಟ್ಟಿಗೆ ಸಾಲು ನಿಲ್ಲುವ ನಾವೇ! ಸಾಲು ನಿಲ್ಲುವುದರಲ್ಲಿ ನಮ್ಮನ್ನು ಮೀರಿಸುವವರು ಯಾರಿದ್ದಾರೆ?

ಅದಕ್ಕೇ ನನ್ನ ತಲೆಗೆ ಬಂದ ನಾಲ್ಕು ವಿಚಿತ್ರ ಐಡಿಯಾ ಕೇಳಿ. ನಗಬೇಡಿ, ಅಥವಾ ನಕ್ಕು ಆಮೇಲೆ ಮಾಡಿ.

ಒಂದು: ಮುಂದಿನ ಬಿಡುಗಡೆಗೆ ಫ್ಲೆಕ್ಸ್ ಬೇಡ. ಅದು ಪ್ಲಾಸ್ಟಿಕ್, ಕೊಳೆಯುವುದಿಲ್ಲ, ಸುಟ್ಟರೆ ವಿಷದ ಹೊಗೆ. ಹಿಂದಿನ ಹಾಗೆ ಬಟ್ಟೆಯ ಮೇಲೆ ಪೇಂಟರ್ ಕೈಯಿಂದ ಬರೆಸಿ. ನೂರು ದಿನ ಆದ ಮೇಲೆ ಆ ಬಟ್ಟೆಯನ್ನು ದರ್ಜಿಗೆ ಕೊಟ್ಟು ಚೀಲ ಹೊಲಿಸಿ. ಸಂತೆಗೆ ಹೋಗುವ ನಿಮ್ಮಮ್ಮನ ಕೈಯಲ್ಲಿ ನಿಮ್ಮ ಹೀರೋನ ಮೂಗು, ಮೀಸೆ!

ಎರಡು: ಕಟೌಟಿಗೆ ಹಾಲು ಸುರಿಯುವ ಬದಲು ಹುಟ್ಟುಹಬ್ಬದಂದು ಒಂದು ಹುಣಸೆ ಸಸಿ ನೆಡಿ. ನೆಟ್ಟು ಫೋಟೋ ತೆಗೆಸಿಕೊಂಡು ಓಡಿಹೋಗುವುದಲ್ಲ. ಎರಡು ಬೇಸಿಗೆ ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದವನೇ ನಿಜವಾದ ಅಭಿಮಾನಿ ಅಂತ ಸಂಘದಲ್ಲಿ ಕಾನೂನು ಮಾಡಿ. ಮುಂದೊಂದು ದಿನ ಯಾವ ಹೆಜ್ಜಾರ್ಲೆ ಬಂದು ಗೂಡು ಕಟ್ಟುತ್ತದೋ ಯಾರಿಗೆ ಗೊತ್ತು!

ಮೂರು: ಪಿಕ್ಚರಿಗೆ ಹತ್ತು ಜನ ಐದು ಬೈಕಿನಲ್ಲಿ ಹೋಗುವ ಬದಲು ಬಸ್ಸಿನಲ್ಲಿ ಹೋಗಿ. ಬಸ್ಸು ಹೇಗೂ ಹೋಗುತ್ತದೆ, ನೀವು ಹತ್ತಿದರೆ ಐದು ಬೈಕಿನ ಪೆಟ್ರೋಲು ಉಳಿಯುತ್ತದೆ. ದಾರಿಯುದ್ದಕ್ಕೂ ಪತ್ರಿಕೆ ಓದಬಹುದು. ಇದರಲ್ಲಿ ನನ್ನ ಸ್ವಾರ್ಥವೂ ಇದೆ, ಮುಚ್ಚಿಡುವುದಿಲ್ಲ.

ನಾಲ್ಕು: ಶತದಿನೋತ್ಸವಕ್ಕೆ ಪಟಾಕಿ ಹೊಡೆಯುವ ಸಂಘಗಳೇ, ಒಂದೊಂದು ಸಂಘ ಒಂದೊಂದು ಕಟ್ಟೆ ವಹಿಸಿಕೊಳ್ಳಿ. ನಿಮ್ಮೂರಿನದೇ ಆಗಲಿ, ಕುಂದೂರು ಬೆಟ್ಟದ್ದೇ ಆಗಲಿ. ಊರ ಹಿರಿಯರನ್ನು, ಇಲಾಖೆಯವರನ್ನು ಕೇಳಿ ಒಪ್ಪಿಗೆ ಪಡೆದು, ಯುಗಾದಿ ಕಳೆದು ಮುಂಗಾರು ಬರುವುದರೊಳಗೆ ಒಂದು ಭಾನುವಾರ ಹೂಳು ಎತ್ತಿ. ಕಾಮೇಗೌಡರು ಒಬ್ಬರೇ ನಲವತ್ತು ವರ್ಷ ಅಗೆದರು. ನಾವು ನಲವತ್ತು ಜನ ಒಂದು ದಿನ ಅಗೆಯಲಾರೆವೇ? ತೆಗೆದ ಗೋಡನ್ನು ರೈತರು ತಾವೇ ಬಂದು ಗಾಡಿಯಲ್ಲಿ ತುಂಬಿಕೊಂಡು ಹೋಗುತ್ತಾರೆ, ಗದ್ದೆಗೆ ಅದಕ್ಕಿಂತ ಗೊಬ್ಬರ ಬೇಕೇ?

ನೋಡಿದ ಊರು "ಹುಚ್ಚು ಹಿಡಿದೈತೆ ಇವಕ್ಕೆ" ಅನ್ನಬಹುದು. ಅನ್ನಲಿ ಬಿಡ್ರಪ್ಪ, ನಮಗೇನು ಹೊಸದೇ ಆ ಬಿರುದು? ಮುಂಗಾರು ಬಂದು ಕಟ್ಟೆ ತುಂಬಿದ ದಿನ ಅದೇ ಊರು ದನ ಹೊಡೆದುಕೊಂಡು ನೀರಿಗೆ ಬರುತ್ತದೆ. ಬೇಸಿಗೆ ಇನ್ನೇನು ದೂರವಿಲ್ಲ. ಗುದ್ದಲಿ ಯಾರ ಮನೆಯಲ್ಲಿದೆ, ಹಾರೆ ಯಾರ ಮನೆಯಲ್ಲಿದೆ, ಈ ವಾರವೇ ವಿಚಾರಿಸಿ ಇಟ್ಟುಕೊಳ್ಳಿ. ಏನಂತೀರಿ?